ಶೋಧಯಂತ್ರಗಳ ಜಾಹೀರಾತೂ ಸಣ್ಣ ವ್ಯಾಪಾರಸ್ಥರ ಹಿತವೂ

(ಮಹೋತ್ಸವದ ವ್ಯಾಖ್ಯಾನಮಾಲೆಯಲ್ಲಿ ಮಾಡಿದ ಉಪನ್ಯಾಸ)



ಜಾತ್ರೆಯಲ್ಲಿ ಅಂಗಡಿ ಹೂಡುವವರೆಲ್ಲರೂ ಬಲ್ಲ ಸಂಗತಿಯೊಂದುಂಟು. ಸರಕು ಎಷ್ಟೇ ಉತ್ತಮವಾಗಿರಲಿ, ಜನರು ನಡೆಯುವ ಹಾದಿಯ ಬದಿಗೆ ಸ್ಥಳ ದೊರೆಯದಿದ್ದರೆ ಅದು ಗೋಣಿಯಲ್ಲಿಯೇ ಉಳಿಯುವದು. ಆದುದರಿಂದಲೇ ತೇರಬೀದಿಯ ಜಾಗಕ್ಕೆ ಬಾಡಿಗೆ ಹೆಚ್ಚು, ಹಿಂಬದಿಯ ಓಣಿಗೆ ಕಡಿಮೆ. ಈ ಕಾಲದಲ್ಲಿ ಜನರು ನಡೆಯುವ ಹಾದಿಯು ಬಹುಮಟ್ಟಿಗೆ ಕಣ್ಣಿಗೆ ಕಾಣದ ಹಾದಿಯಾಗಿರುವದು. ಸೀರೆ ಬೇಕಾದವಳು, ಹೊಲದ ಪಂಪು ಕೆಟ್ಟವನು, ಮಗಳ ಮದುವೆಗೆ ಅಡಿಗೆಯವರನ್ನು ಅರಸುವವನು, ಇವರಲ್ಲಿ ಅನೇಕರು ಮೊದಲು ಕೈಯಲ್ಲಿರುವ ಮೊಬೈಲಿನಲ್ಲಿ ನಾಲ್ಕು ಶಬ್ದ ಬರೆದು ಕೇಳುವರು. ಶೋಧಯಂತ್ರವು ಯಾರ ಹೆಸರನ್ನು ಮೇಲೆ ತೋರಿಸುವದೋ ಅವರ ಅಂಗಡಿಯ ಕಡೆಗೆ ಗಿರಾಕಿಯ ಮನಸ್ಸು ಹೊರಳುವದು. ಈ ಹೊಸ ತೇರಬೀದಿಯ ಬಾಡಿಗೆಯು ಹೇಗೆ ನಿಶ್ಚಯವಾಗುವದು, ಅದನ್ನು ಕೊಡುವದು ಸಣ್ಣ ವ್ಯಾಪಾರಸ್ಥನಿಗೆ ಹಿತವೋ ಅಹಿತವೋ ಎಂಬದೇ ಇಂದಿನ ವಿಚಾರದ ವಿಷಯವು. ಶಿಷ್ಯವರ್ಗದಲ್ಲಿ ನೇಕಾರರು, ಕಿರಾಣಿ ವ್ಯಾಪಾರಿಗಳು, ಗಾಣದವರು, ಹೊಲಿಗೆಯವರು ಬಹುಸಂಖ್ಯಾಕರಾಗಿರುವದರಿಂದ ಈ ವಿಚಾರವು ಅಪ್ರಸ್ತುತವಾಗಲಾರದು.

ಮೊದಲು ಇದರ ಉತ್ಪತ್ತಿಯನ್ನು ತಿಳಿಯತಕ್ಕದ್ದು. 1998ನೆಯ ಇಸವಿಯಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಬಿಲ್ ಗ್ರಾಸ್ ಎಂಬ ಉದ್ಯಮಿಯು ಗೋಟೂ ಎಂಬ ಶೋಧಯಂತ್ರವನ್ನು ತೆರೆದನು. ಅದರಲ್ಲಿ ಶಬ್ದಗಳೇ ಲಿಲಾವಿಗೆ ಬಂದವು. ಒಂದು ಶಬ್ದಕ್ಕೆ ಯಾವನು ಹೆಚ್ಚು ಸವಾಲು ಕೂಗುವನೋ ಅವನ ಹೆಸರೇ ಆ ಶಬ್ದವನ್ನು ಹುಡುಕಿದವರಿಗೆ ಮೊದಲು ಕಾಣುವದು. ಆದರೆ ಹೆಸರು ಕಂಡ ಮಾತ್ರಕ್ಕೆ ಹಣ ಕೊಡಬೇಕಾಗಿಲ್ಲ, ನೋಡಿದವನು ಅದನ್ನು ಒತ್ತಿ ಅಂಗಡಿಯ ಬಾಗಿಲಿಗೆ ಬಂದರೆ ಮಾತ್ರ ಕೊಡಬೇಕು. ಆ ಸಂಸ್ಥೆಯು ಮುಂದೆ ಓವರ್‌ಚರ್ ಎಂಬ ಹೆಸರು ತಳೆದು 2003ರಲ್ಲಿ ಯಾಹೂ ಕಂಪನಿಯ ವಶವಾಯಿತು.

ಅದೇ 1998ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸರ್ಗೇಯ್ ಬ್ರಿನ್ ಎಂಬವರು ತಮ್ಮ ಶೋಧಯಂತ್ರವನ್ನು ಕುರಿತು ಒಂದು ಪ್ರಬಂಧ ಬರೆದರು. ಜಾಹೀರಾತಿನ ಹಣದಿಂದ ಬದುಕುವ ಶೋಧಯಂತ್ರವು ಸಹಜವಾಗಿಯೇ ಜಾಹೀರಾತುದಾರರ ಕಡೆಗೆ ಒಲಿದು ಕೇಳುವವರ ಹಿತಕ್ಕೆ ದೂರವಾಗುವದೆಂದು ಅವರೇ ಅದರಲ್ಲಿ ಎಚ್ಚರಿಸಿದರು. ಲೋಕದ ಗತಿಯು ವಿಚಿತ್ರವು. 2000ನೆಯ ಇಸವಿಯ ಅಕ್ಟೋಬರದಲ್ಲಿ ಅವರ ಗೂಗಲ್ ಕಂಪನಿಯು 350 ಜಾಹೀರಾತುದಾರರೊಡನೆ ಆಡ್‌ವರ್ಡ್ಸ್ ಎಂಬ ಏರ್ಪಾಡನ್ನು ಆರಂಭಿಸಿ, 2002ರಲ್ಲಿ ಒತ್ತಿದ್ದಕ್ಕೆ ಹಣವೆಂಬ ಲಿಲಾವಿನ ಕ್ರಮವನ್ನು ಅದರಲ್ಲಿ ತಂದಿತು. 2018ರಿಂದ ಇದಕ್ಕೆ ಗೂಗಲ್ ಆಡ್ಸ್ ಎಂದು ಹೆಸರು.

ಆದರೆ ಈ ಎರಡನೆಯ ಲಿಲಾವು ಕೇವಲ ಹಣದ ಲಿಲಾವಲ್ಲ. ಜನರು ಯಾವ ಜಾಹೀರಾತನ್ನು ಹೆಚ್ಚಾಗಿ ಒತ್ತುವರೋ, ಕೇಳಿದ ಪ್ರಶ್ನೆಗೆ ಯಾವದು ಹೆಚ್ಚು ಹೊಂದುವದೋ ಅದಕ್ಕೆ ಒಂದು ಗುಣಾಂಕವನ್ನು ಕೊಟ್ಟು, ಸವಾಲನ್ನು ಆ ಗುಣಾಂಕದಿಂದ ತೂಗುವರು. ಇಂದಿನ ಗಣಿತವು ಇನ್ನೂ ಜಟಿಲವಾಗಿದೆಯಾದರೂ ಮೂಲತತ್ವವನ್ನು ಸರಳವಾಗಿ ಹೀಗೆ ತಿಳಿಯಬಹುದು. ದೊಡ್ಡ ಸಾಹುಕಾರನು ಒಂದು ಒತ್ತಿಗೆ 20 ರೂಪಾಯಿ ಕೂಗಿದನು, ಅವನ ಗುಣಾಂಕ 4, ಗುಣಿಸಿದರೆ 80. ಸಣ್ಣ ವ್ಯಾಪಾರಿಯು 12 ರೂಪಾಯಿ ಕೂಗಿದನು, ಅವನ ಗುಣಾಂಕ 8, ಗುಣಿಸಿದರೆ 96. ಸಣ್ಣವನ ಹೆಸರೇ ಮೇಲೆ ಬರುವದು. ಅಷ್ಟೇ ಅಲ್ಲ, ಅವನು ಕೂಗಿದ 12 ರೂಪಾಯಿಯನ್ನು ಪೂರ್ತಿ ಕೊಡಬೇಕಾಗಿಲ್ಲ. ಕೆಳಗಿನವನ 80ನ್ನು ಮೀರಲು ಎಷ್ಟು ಸಾಕೋ ಅಷ್ಟು, ಅಂದರೆ 10 ರೂಪಾಯಿಗಿಂತ ತುಸು ಹೆಚ್ಚು ಕೊಟ್ಟರಾಯಿತು. ಧನಬಲವೊಂದೇ ಇಲ್ಲಿ ಗೆಲ್ಲುವದಿಲ್ಲವೆಂಬದು ಸಣ್ಣ ವ್ಯಾಪಾರಸ್ಥನಿಗೆ ದೊಡ್ಡ ಆಶ್ವಾಸನವು.

ಹಾಗಾದರೆ ಆ ಹೊಂದಿಕೆಯು ಯಾವದರಿಂದ ಬರುವದು? ಶಬ್ದದ ತಾತ್ಪರ್ಯವನ್ನು ಅರಿಯುವದರಿಂದ. ಸೈಂಧವವೆಂಬ ಶಬ್ದಕ್ಕೆ ಉಪ್ಪೆಂದೂ ಕುದುರೆಯೆಂದೂ ಎರಡು ಅರ್ಥಗಳುಂಟೆಂದು ಪಾಠಶಾಲೆಯ ಬಾಲಕನೂ ಬಲ್ಲನು. ಊಟಕ್ಕೆ ಕುಳಿತವನು ಸೈಂಧವ ತಾ ಎಂದರೆ ಉಪ್ಪು ತರಬೇಕು, ಪ್ರಯಾಣಕ್ಕೆ ಹೊರಟವನು ಎಂದರೆ ಕುದುರೆ ತರಬೇಕು. ಶೋಧಪದಗಳ ಮರ್ಮವೂ ಇದುವೇ. ಇಳಕಲ್ಲಿನ ನೇಕಾರನೊಬ್ಬನು ಬರಿಯ 'ಸೀರೆ' ಎಂಬ ಶಬ್ದಕ್ಕೆ ಸವಾಲು ಕೂಗಿದನೆಂದು ಭಾವಿಸಿರಿ. ಆ ಶಬ್ದ ಬರೆದವರಲ್ಲಿ ಒಬ್ಬಳಿಗೆ ಬನಾರಸದ ಸೀರೆ ಬೇಕು, ಒಬ್ಬಳಿಗೆ ಸೀರೆ ಉಡುವ ಬಗೆ ತಿಳಿಯಬೇಕು, ಒಬ್ಬಳಿಗೆ ಬರಿಯ ಚಿತ್ರ ಸಾಕು. ಇವರೆಲ್ಲರೂ ಒತ್ತಿದರೆ ನೇಕಾರನ ಗಂಟು ಕರಗುವದೇ ಹೊರತು ಸೀರೆ ಮಾರುವದಿಲ್ಲ. 'ಇಳಕಲ್ ಸೀರೆ ಗೋಮಿ ದಡಿ ಬೆಲೆ' ಎಂದು ಬರೆದವಳಾದರೋ ಕೊಳ್ಳಲಿಕ್ಕೇ ಬಂದವಳು. ಇಂಥ ವಿಶಿಷ್ಟ ಶಬ್ದಗಳಿಗೆ ಕೂಗುವವರು ಸಾಧಾರಣವಾಗಿ ಕಡಿಮೆ. 'ಉಡುವ ಬಗೆ', 'ಚಿತ್ರ' ಮುಂತಾದ ಶಬ್ದಗಳಿದ್ದಲ್ಲಿ ತನ್ನ ಜಾಹೀರಾತು ಕಾಣಬಾರದೆಂದು ಮೊದಲೇ ನಿಷೇಧಿಸುವ ಸೌಕರ್ಯವೂ ಉಂಟು. ತನ್ನ ಗಿರಾಕಿಯು ಯಾವ ಮಾತಿನಲ್ಲಿ ಕೇಳುವನೆಂಬದು ದೂರದ ದೊಡ್ಡ ಕಂಪನಿಗಿಂತ ಗಲ್ಲೆಯ ಮುಂದೆ ಕುಳಿತವನಿಗೇ ಚೆನ್ನಾಗಿ ಗೊತ್ತು.

ಇನ್ನು ಲೆಕ್ಕದ ಮಾತು. ಒಂದು ಸೀರೆಯ ಮೇಲೆ ಖರ್ಚು ಕಳೆದು 300 ರೂಪಾಯಿ ಉಳಿಯುವದೆಂದೂ, ಬಾಗಿಲಿಗೆ ಬಂದ 100 ಜನರಲ್ಲಿ 4 ಜನರು ಕೊಳ್ಳುವರೆಂದೂ ಇಟ್ಟುಕೊಂಡರೆ, 100 ಜನರಿಂದ ಬರುವ ಉಳಿತಾಯ 1200 ರೂಪಾಯಿ. ಒಬ್ಬೊಬ್ಬನನ್ನು ಕರೆತರಲು 10 ರೂಪಾಯಿ ತಗಲಿದರೆ 1000 ಹೋಗಿ 200 ಉಳಿಯುವದು. ಕೊಳ್ಳುವವರು ಇಬ್ಬರೇ ಆದರೆ 400 ರೂಪಾಯಿ ಹಾನಿ. ಆದುದರಿಂದ ಈ ವ್ಯಾಪಾರಿಯು ಒಂದು ಒತ್ತಿಗೆ 12 ರೂಪಾಯಿಯ ಗೆರೆಯನ್ನು ಎಂದೂ ದಾಟತಕ್ಕದ್ದಲ್ಲ. ತನ್ನ ಗೆರೆ ಎಲ್ಲಿದೆಯೆಂದು ತಿಳಿಯದೆ, ನೆರೆಯವನು ಕೂಗಿದನೆಂದು ತಾನೂ ಕೂಗುವವನು ಸಾಲ ತಂದ ಬಂಡವಾಳವನ್ನು ನೀರಿನಲ್ಲಿ ಬಿಟ್ಟಂತಾಗುವದು.

ಇಲ್ಲಿ ಒಂದು ಶಂಕೆಯು ಹುಟ್ಟುವದು. ಜಾಹೀರಾತು ಕೊಟ್ಟ ತಿಂಗಳಲ್ಲಿ ಮಾರಾಟ ಹೆಚ್ಚಿತು, ಆದುದರಿಂದ ಅದು ಜಾಹೀರಾತಿನ ಫಲವಲ್ಲವೇ ಎಂದು. ಸಮಾಧಾನವೇನಂದರೆ, ಒಂದರ ಹಿಂದೆ ಒಂದು ಬಂದ ಮಾತ್ರಕ್ಕೆ ಮೊದಲನೆಯದು ಕಾರಣವಾಗುವದಿಲ್ಲ. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಕಾರ್ಯಕಾರಣಸಂಬಂಧ ಹೇಳುವ ಕಾಕತಾಲೀಯವು ಅದು. ಕಾರಣವು ಇದ್ದರೆ ಕಾರ್ಯವು ಇರಬೇಕು, ಇಲ್ಲದಿದ್ದರೆ ಇರಬಾರದು. ಈ ಅನ್ವಯ ವ್ಯತಿರೇಕಗಳಿಂದಲೇ ನಿರ್ಣಯವಾಗತಕ್ಕದ್ದು. ಅಮೇರಿಕೆಯ ಈಬೇ ಎಂಬ ದೊಡ್ಡ ವ್ಯಾಪಾರಸಂಸ್ಥೆಯು 2012ರಲ್ಲಿ ಇದೇ ಪರೀಕ್ಷೆಯನ್ನು ಮಾಡಿತು. ತನ್ನ ಹೆಸರನ್ನೇ ಬರೆದು ಹುಡುಕುವವರಿಗೆ ತೋರಿಸುತ್ತಿದ್ದ ಜಾಹೀರಾತನ್ನು ಕೆಲವು ಶೋಧಯಂತ್ರಗಳಲ್ಲಿ ನಿಲ್ಲಿಸಿ ನೋಡಿತು. ಜಾಹೀರಾತಿನ ಮೂಲಕ ಬರುತ್ತಿದ್ದ ಜನರಲ್ಲಿ ಪ್ರತಿಶತ 99ಕ್ಕೂ ಮಿಕ್ಕಿದವರು ಅದಿಲ್ಲದೆಯೂ ಸಹಜ ಉತ್ತರಗಳ ಮೂಲಕ ಅಲ್ಲಿಗೇ ಬಂದರು. ಅಂದರೆ ತನ್ನ ಮನೆಗೇ ಬರುತ್ತಿದ್ದ ನೆಂಟನಿಗೆ ದಾರಿ ತೋರಿಸಲು ಸಂಬಳದ ಆಳು ಇಟ್ಟಂತಾಗಿತ್ತು. ಥಾಮಸ್ ಬ್ಲೇಕ್, ಕ್ರಿಸ್ ನಾಸ್ಕೋ, ಸ್ಟೀವನ್ ಟಡೇಲಿಸ್ ಎಂಬ ವಿದ್ವಾಂಸರು 2015ರಲ್ಲಿ ಇದನ್ನು ಪ್ರಕಟಿಸಿದರು. ಅದೇ ಪರೀಕ್ಷೆಗಳಲ್ಲಿ ಇನ್ನೊಂದು ಸಂಗತಿಯೂ ತಿಳಿಯಿತು: ಹೊಸಬರೂ ಅಪರೂಪಕ್ಕೆ ಬರುವವರೂ ಮಾತ್ರ ಜಾಹೀರಾತಿನಿಂದ ನಿಜವಾಗಿ ಬಂದರು. ಆದುದರಿಂದ ಸಿದ್ಧಾಂತವಿದು: ಬಲ್ಲವನಿಗೆ ಜಾಹೀರಾತು ವ್ಯರ್ಥವು, ಅರಿಯದವನಿಗೆ ಸಾರ್ಥಕವು. ಊರಾಚೆ ಯಾರೂ ಅರಿಯದ ಸಣ್ಣ ಅಂಗಡಿಗೆ ಇದರಿಂದ ಪ್ರಯೋಜನವುಂಟು. ಆದರೆ ಅವನೂ ಹುಬ್ಬಳ್ಳಿಯಲ್ಲಿ ಹದಿನೈದು ದಿನ ನಿಲ್ಲಿಸಿ, ಬೆಳಗಾವಿಯಲ್ಲಿ ನಡೆಸಿ, ಎರಡೂ ಕಡೆಯ ಮಾರಾಟವನ್ನು ವಹಿಯಲ್ಲಿ ಬರೆದು ಹೋಲಿಸಿ ನೋಡತಕ್ಕದ್ದು.

ದೋಷಗಳನ್ನೂ ಮುಚ್ಚಿಡತಕ್ಕದ್ದಲ್ಲ. ಒತ್ತಿದ್ದಕ್ಕೆ ಹಣವೆಂದ ಕೂಡಲೆ ಕೊಳ್ಳುವ ಮನಸ್ಸಿಲ್ಲದೆ ಕೇವಲ ಕೆಡಕಿಗಾಗಿ ಒತ್ತುವವರೂ, ಒತ್ತುವ ಯಂತ್ರಗಳೂ ಹುಟ್ಟಿಕೊಂಡವು. ಅಮೇರಿಕೆಯ ಆರ್ಕನ್ಸಾ ಸಂಸ್ಥಾನದಲ್ಲಿ ಲೇನ್ಸ್ ಗಿಫ್ಟ್ಸ್ ಎಂಬ ಉಡುಗೊರೆಯ ಸಾಮಾನಿನ ಅಂಗಡಿಯವರು ಇಂಥ ಸುಳ್ಳು ಒತ್ತುಗಳಿಗೂ ಹಣ ಸೆಳೆಯಲಾಯಿತೆಂದು ದಾವೆ ಹೂಡಿದರು. 2006ರಲ್ಲಿ ಗೂಗಲ್ ಕಂಪನಿಯು 9 ಕೋಟಿ ಡಾಲರುಗಳವರೆಗಿನ ರಾಜಿಗೆ ಒಪ್ಪಿತು. ಒಂದು ಸಣ್ಣ ಅಂಗಡಿಯ ಲೆಕ್ಕದ ವಹಿಯು ಎಷ್ಟು ಬಲವುಳ್ಳದ್ದೆಂಬದಕ್ಕೆ ಇದೇ ಸಾಕ್ಷಿ. ಹಾದಿಯ ಒಡೆತನದ ಪ್ರಶ್ನೆಯೂ ಚಿಕ್ಕದಲ್ಲ. ಶೋಧದ ಉತ್ತರಗಳಲ್ಲಿ ಪಕ್ಷಪಾತ ಮಾಡಿತೆಂದು ಭಾರತದ ಸ್ಪರ್ಧಾ ಆಯೋಗವು 2018ರಲ್ಲಿ ಈ ಕಂಪನಿಗೆ ಸುಮಾರು 136 ಕೋಟಿ ರೂಪಾಯಿ ದಂಡ ವಿಧಿಸಿತು. ಶೋಧದ ಕ್ಷೇತ್ರದಲ್ಲಿ ಅದು ಕಾನೂನಿಗೆ ವಿರುದ್ಧವಾಗಿ ಏಕಸ್ವಾಮ್ಯವನ್ನು ಉಳಿಸಿಕೊಂಡಿತೆಂದು 2024ರ ಆಗಸ್ಟದಲ್ಲಿ ಅಮೇರಿಕೆಯ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ತೀರ್ಪಿತ್ತರು. ಒಬ್ಬನೇ ಒಡೆಯನಿರುವ ಬೀದಿಯಲ್ಲಿ ಬಾಡಿಗೆಯು ಎಂದು ಏರುವದೋ ಹೇಳಲಾಗದು.

ಆದುದರಿಂದ ವಿವೇಕಿಯಾದ ವ್ಯಾಪಾರಸ್ಥನು ಮೊದಲು ಬಿಟ್ಟಿಯಾಗಿ ದೊರೆಯುವದನ್ನು ಪೂರ್ತಿ ಮಾಡಿಕೊಳ್ಳಲಿ. ಗೂಗಲ್ ಬಿಸಿನೆಸ್ ಪ್ರೊಫೈಲ್ ಎಂಬ ಪಟ್ಟಿಯಲ್ಲಿ ಅಂಗಡಿಯ ಹೆಸರು, ಸ್ಥಳ, ಬಾಗಿಲು ತೆರೆಯುವ ವೇಳೆ, ಸರಕಿನ ಚಿತ್ರಗಳನ್ನು ನಿಜವಾದಂತೆ ಬರೆಯಿಸಲು ಕಾಸು ಖರ್ಚಿಲ್ಲ. ಆ ಮೇಲೆ ಕಳೆದುಕೊಂಡರೂ ಮನೆ ನಡೆಯುವಷ್ಟು ಚಿಕ್ಕ ಮೊತ್ತವನ್ನು ದಿನಕ್ಕಿಷ್ಟೆಂದು ಕಟ್ಟುಮಾಡಿ ಜಾಹೀರಾತಿಗಿಡಲಿ. ಒಮ್ಮೆ ಬಂದ ಗಿರಾಕಿಯ ಹೆಸರು, ಊರು, ದೂರವಾಣಿಯ ಸಂಖ್ಯೆಗಳನ್ನು ಅವನ ಒಪ್ಪಿಗೆಯಿಂದ ತನ್ನ ವಹಿಯಲ್ಲಿ ಬರೆದುಕೊಳ್ಳಲಿ. ಎರಡನೆಯ ಸಲ ಅವನನ್ನು ಕರೆಯಲು ಯಾರಿಗೂ ಬಾಡಿಗೆ ಕೊಡುವ ಕಾರಣವಿರುವದಿಲ್ಲ.

ಹೊಸ್ತಿಲ ಮೇಲಿಟ್ಟ ದೀಪವು ಹೊರಗನ್ನೂ ಒಳಗನ್ನೂ ಏಕಕಾಲಕ್ಕೆ ಬೆಳಗುವದು. ಇದಕ್ಕೆ ದೇಹಲೀದೀಪನ್ಯಾಯವೆಂದು ಹೆಸರು. ಜಾಹೀರಾತೂ ಅಂಥ ದೀಪವೇ. ಬೀದಿಯಲ್ಲಿ ನಡೆಯುವ ಅಪರಿಚಿತನಿಗೆ ಬಾಗಿಲನ್ನು ತೋರಿಸುವದು. ಬಾಗಿಲಿಗೆ ಬಂದವನಿಗೆ ಒಳಗಿನ ಸರಕನ್ನೂ ತಕ್ಕಡಿಯನ್ನೂ ತೋರಿಸುವದು. ತಕ್ಕಡಿಯು ನೆಟ್ಟಗಿದ್ದವನಿಗೆ ಬೆಳಕು ಹೆಚ್ಚಿದಷ್ಟೂ ಒಳಿತು, ಇಲ್ಲದವನಿಗೆ ಹೆಚ್ಚಿದಷ್ಟೂ ಕೇಡು. ಆದುದರಿಂದ ಎಣ್ಣೆಗೆ ಹಣ ಸುರಿಯುವ ಮೊದಲು ತಕ್ಕಡಿಯನ್ನು ನೋಡಿಕೊಳ್ಳುವದೇ ವ್ಯಾಪಾರದ ಪ್ರಥಮ ಧರ್ಮವು.

ಸರ್ವರಿಗೂ ಸನ್ಮಂಗಳವಾಗಲಿ.