ಸಿದ್ಧನಿದ್ದೇನೆಂಬ ಮಾತು

ವೇಷಧಾರಿ ಚೌಕಿಗೆ ಬಂದು ಕುಳಿತ ಮಾತ್ರಕ್ಕೆ ಭಾಗವತರು ಅವನ ಪ್ರವೇಶದ ಪದ್ಯವನ್ನು ಎತ್ತಿಕೊಳ್ಳುವುದಿಲ್ಲ. ಬರುವುದು ಬೇರೆ, ಸಿದ್ಧನಾಗುವುದು ಬೇರೆ. ಗಣಕಯಂತ್ರದೊಳಗೂ ಈ ಭೇದವುಂಟು.

ಲಿನಕ್ಸ್ ಗಣಕದಲ್ಲಿ ಮೊದಲು ಏಳುವ ಪ್ರೋಗ್ರಾಮು ‘ಇನಿಟ್’. ಅದರ ಸಂಖ್ಯೆ 1. ತೆರೆಯ ಮರೆಯಲ್ಲಿ ದುಡಿಯುವ ಸೇವೆಗಳನ್ನು ಎಬ್ಬಿಸುವುದು ಅದರ ಹೊಣೆ. ದತ್ತಾಂಶದ ಉಗ್ರಾಣವನ್ನು ಕಾಯುವ ಸೇವೆ ಅಣಿಯಾಗುವ ಮುನ್ನವೇ, ಅದನ್ನು ನೆಚ್ಚಿದ ಇನ್ನೊಂದು ಬಂದು ಬಾಗಿಲು ತಟ್ಟಿದರೆ ಬರಿಗೈಯಲ್ಲಿ ಮರಳಬೇಕಾದೀತು. ಹಿಂದೆ ಇದಕ್ಕೆ ಊಹೆಯೇ ಆಧಾರ. ಸೇವೆಯು ತನ್ನ ಪ್ರತಿರೂಪವೊಂದನ್ನು ಹಿನ್ನೆಲೆಗೆ ಬಿಟ್ಟು ತಾನು ಮುಗಿದರೆ ಅದನ್ನೇ ಸಿದ್ಧತೆಯ ಕುರುಹೆಂದು ಬಗೆಯುತ್ತಿದ್ದರು. ಇಲ್ಲವೆ ಕೆಲವು ಸೆಕೆಂಡು ಸುಮ್ಮನೆ ಕಾಯುತ್ತಿದ್ದರು.

2010ರಲ್ಲಿ ಬಂದ ಸಿಸ್ಟಮ್‌ಡಿ ಎಂಬ ಹೊಸ ಇನಿಟ್, ಸೇವೆಗೇ ಮಾತು ಕೊಟ್ಟಿತು. ಸುದ್ದಿ ಮುಟ್ಟಿಸಬೇಕಾದ ವಿಳಾಸವನ್ನು ಅದು ಮೊದಲೇ ತಿಳಿಸಿರುತ್ತದೆ; ಅಣಿಯಾದ ಸೇವೆ ಅಲ್ಲಿಗೆ ‘ರೆಡಿ=1’ ಎಂದು ಹೇಳಿಕಳುಹಿಸುತ್ತದೆ. ಅದರ ಹಿಂದೆ ಬರಬೇಕಾದವು ಅಲ್ಲಿಯವರೆಗೆ ಕಾಯುತ್ತವೆ. ಸಾಮಾನ್ಯವಾಗಿ 90 ಸೆಕೆಂಡುಗಳೊಳಗೆ ಮಾತು ಬಾರದಿದ್ದರೆ ಸೇವೆ ಸೋತಿತೆಂದೇ ಲೆಕ್ಕ.

ಆದರೆ ಬಂದ ಮಾತು ನಿಜವೇ ಎಂದು ಇನಿಟ್ ಪರೀಕ್ಷಿಸದು, ನಂಬುತ್ತದೆ. ಬಣ್ಣ ಮುಗಿಯುವ ಮೊದಲೇ ‘ಆಯಿತು’ ಎಂದವನಿಗೆ ಭಾಗವತರು ತಾನೆ ಏನು ಮಾಡಿಯಾರು?