ಮೂರನೆಯ ಇಯತ್ತೆಯ ಹೊಸ್ತಿಲಲ್ಲಿ

(ಧಾರವಾಡ ತಾಲೂಕಿನ ಹಳ್ಳಿಯೊಂದರ ಸರಕಾರಿ ಕನ್ನಡ ಶಾಲೆಯಲ್ಲಿ, ವರ್ಷಾರಂಭದ ಪಾಲಕರ ಸಭೆಯಲ್ಲಿ, ಮೂರನೆಯ ಇಯತ್ತೆಯ ಶಿಕ್ಷಕರು ಮಾಡಿದ ಭಾಷಣ)



ಮೃಗಶಿರ ಮಳೆ ಹಿಡಿದಿದೆ. ಹೊಲದಲ್ಲಿ ಕೂರಿಗೆ ನಿಮ್ಮ ದಾರಿಯನ್ನು ಕಾಯುತ್ತಿದೆ. ಹದ ತಪ್ಪಿದರೆ ಬೆಳೆ ತಪ್ಪುವದೆಂಬುದನ್ನು ನನಗಿಂತ ಚೆನ್ನಾಗಿ ಬಲ್ಲ ನೀವು, ಇಂದು ಅರ್ಧ ದಿನದ ದುಡಿಮೆಯನ್ನು ಬದಿಗಿಟ್ಟು ಬಂದು, ನಿಮ್ಮ ಮಕ್ಕಳು ದಿನಾಲು ಕುಳ್ಳಿರುವ ಈ ಜಮಖಾನದ ಮೇಲೆಯೇ ಕುಳಿತಿದ್ದೀರಿ. ಈ ಉಪಕಾರವನ್ನು ನಾನು ಸಣ್ಣದೆಂದು ಎಣಿಸಲಾರೆ.

ಸಾಮಾನ್ಯವಾಗಿ ಪಾಲಕರು ಶಾಲೆಯ ಮೆಟ್ಟಿಲನ್ನು ಏರುವದು ಎರಡು ಸಂದರ್ಭಗಳಲ್ಲಿ: ಒಂದು, ದಾಖಲೆಯ ಕಾಗದ ಬೇಕಾದಾಗ, ಇನ್ನೊಂದು, ತಕರಾರು ಇದ್ದಾಗ. ಈ ಎರಡೂ ಇಲ್ಲದೆ ನಿಮ್ಮನ್ನು ಏಕೆ ಕರೆದೆನೆಂಬುದನ್ನು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ನಿಮ್ಮ ಮಕ್ಕಳು ಈ ವರ್ಷ ಮೂರನೆಯ ಇಯತ್ತೆಗೆ ಬಂದಿದ್ದಾರೆ. ಒಂದನೆಯದಕ್ಕೆ ಸೇರಿಸುವಾಗ ನೀವು ಹೊಸ ಅಂಗಿ ತೊಡಿಸಿ, ತೆಂಗಿನಕಾಯಿ ಒಡೆದು ಕಳಿಸಿದಿರಿ. ಏಳನೆಯದು, ಹತ್ತನೆಯದು ಬಂದಾಗಲೂ ಮನೆಯಲ್ಲಿ ಚಿಂತೆ ಹುಟ್ಟುವದು. ನಡುವಿನ ಈ ಮೂರನೆಯದು ಮಾತ್ರ ಯಾರ ಕಣ್ಣಿಗೂ ಬೀಳದೆ ಸರಿದುಹೋಗುತ್ತದೆ. ಆದರೆ ಹುಡುಗನು ಮುಂದೆ ಓದುವನೋ, ಓದನ್ನು ಬಿಡುವನೋ ಎಂಬುದರ ನಿರ್ಧಾರವು ಬಹುಮಟ್ಟಿಗೆ ಇಲ್ಲಿಯೇ ಆಗುತ್ತದೆಂಬುದು ನನ್ನ ಅನುಭವದ ಮಾತು.

ಹೇಗೆಂಬುದನ್ನು ವಿವರಿಸುವೆನು. ನಿಮ್ಮ ಮಕ್ಕಳು ಇಲ್ಲಿಯವರೆಗೆ ಕಲಿತದ್ದು 'ನಲಿ-ಕಲಿ' ಎಂಬ ಕ್ರಮದಲ್ಲಿ. 1995ರ ಸುಮಾರಿಗೆ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ಮೊಳೆತು ಮುಂದೆ ನಾಡಿಗೆಲ್ಲ ಹಬ್ಬಿದ ಪದ್ಧತಿಯಿದು. ನಿಮ್ಮ ತಲೆಯ ಮೇಲೆ ದಾರಕ್ಕೆ ತೂಗಬಿಟ್ಟ ಚಿತ್ರಗಳ ಚಪ್ಪರವೂ, ಗೋಡೆಯ ಕೆಳಭಾಗದಲ್ಲಿ ಮಕ್ಕಳ ಕೈಗೆ ಎಟಕುವಂತೆ ಬಳಿದ ಕಪ್ಪುಹಲಗೆಯೂ ಅದರವೇ. ಇದರಲ್ಲಿ ಅಕ್ಷರಗಳನ್ನು ಅ, ಆ, ಇ, ಈ ಎಂಬ ಸಾಲಿನಲ್ಲಿ ಕಲಿಸುವದಿಲ್ಲ; ರ, ಗ, ಸ, ದ, ಅ ಎಂದು ಮೊದಲಿಟ್ಟು, ಕಲಿತ ಅಷ್ಟರಿಂದಲೇ 'ಸರ', 'ಗರಗಸ' ಎಂಬ ಶಬ್ದಗಳನ್ನು ಮಗುವು ತಾನೇ ಕಟ್ಟುವಂತೆ ಮಾಡುತ್ತಾರೆ. 'ನಮ್ಮ ಹುಡುಗನಿಗೆ ಮೂಲಾಕ್ಷರಗಳೇ ಸಾಲಾಗಿ ಬರುವದಿಲ್ಲವಲ್ಲ!' ಎಂದು ನಿಮ್ಮಲ್ಲಿ ಕೆಲವರು ಗಾಬರಿಗೊಂಡದ್ದುಂಟು. ಅದಕ್ಕೆ ಕಾರಣವಿದು.

ನಾಲ್ಕನೆಯ ಇಯತ್ತೆಗೆ ಹೋದೊಡನೆ ಈ ಕಾರ್ಡುಗಳೂ ಆಟಗಳೂ ಹಿಂದೆ ಉಳಿದು, ದಪ್ಪನೆಯ ಪುಸ್ತಕಗಳು ಮುಂದೆ ಬರುತ್ತವೆ. ಪರಿಸರದ ಪಾಠವನ್ನೂ ಓದಿಯೇ ತಿಳಿಯಬೇಕು. ಗಣಿತದ ಲೆಕ್ಕವನ್ನೂ ಓದಿಯೇ ಬಿಡಿಸಬೇಕು. ಈಸಲು ಕಲಿಯುವದು ಬೇರೆ, ಈಸಿ ಹಳ್ಳವನ್ನು ದಾಟುವದು ಬೇರೆ. ಈಸು ಬಾರದವನನ್ನು ತುಂಬಿದ ಹಳ್ಳಕ್ಕೆ ಇಳಿಸಿದರೆ ಆಗುವ ಗತಿಯೇ, ಓದು ಕೈಹತ್ತದ ಮಗುವಿಗೆ ನಾಲ್ಕನೆಯದರಲ್ಲಿ ಆಗುತ್ತದೆ. ಆದುದರಿಂದ ಒತ್ತಕ್ಷರಗಳು ಸಲೀಸಾಗಿ, ಕಾಣದ ಪುಟವನ್ನೂ ತಡವರಿಸದೆ ಓದಿ ಅರ್ಥ ಹೇಳುವಷ್ಟು ಮಗುವನ್ನು ಸಿದ್ಧಗೊಳಿಸುವದೇ ಈ ವರ್ಷದ ಮುಖ್ಯ ಕಾರ್ಯ. ಗಣಿತದಲ್ಲಿ ಮೂರಂಕಿಯ ಸಂಖ್ಯೆಗಳು, ಕೈಯ ದಶಕದ ಕೂಡಿಸುವಿಕೆ, ಎರವಿನ ಕಳೆಯುವಿಕೆ, ಮಗ್ಗಿ, ಇವೂ ಇವೆ. ಆದರೆ ಓದು ಬಂದರೆ ಉಳಿದವು ಅದರ ಬೆನ್ನುಹತ್ತಿ ಬರುತ್ತವೆ.

ಇದು ನಮ್ಮ ಊರೊಂದರ ಚಿಂತೆಯಲ್ಲ. ಗ್ರಾಮಾಂತರ ಭಾರತದ ಮಕ್ಕಳ ಮನೆಮನೆಗೆ ಹೋಗಿ ನಡೆಸುವ 'ಅಸರ್' ಎಂಬ ಸಮೀಕ್ಷೆಯಂತೆ, ಮೂರನೆಯ ಇಯತ್ತೆಯ ನೂರು ಮಕ್ಕಳಲ್ಲಿ ಎರಡನೆಯ ಇಯತ್ತೆಯ ಪಾಠವನ್ನು ಓದಬಲ್ಲವರು 2018ರಲ್ಲಿ ಸುಮಾರು 27 ಜನರಿದ್ದರು. ಮಹಾಮಾರಿಯಿಂದ ಶಾಲೆಗಳು ಮುಚ್ಚಿ ತೆರೆದ ಬಳಿಕ, 2022ರಲ್ಲಿ, ಆ ಸಂಖ್ಯೆ ಸುಮಾರು 20ಕ್ಕೆ ಇಳಿಯಿತು. 2024ರಲ್ಲಿ ಮತ್ತೆ 27ರ ಹತ್ತಿರಕ್ಕೆ ಬಂದಿತು. ಸರಕಾರಿ ಶಾಲೆಯ ಮಕ್ಕಳಷ್ಟೇ ಅಲ್ಲ, ಖಾಸಗಿ ಶಾಲೆಯ ಮಕ್ಕಳೂ ಈ ಎಣಿಕೆಯಲ್ಲಿ ಸೇರಿದ್ದಾರೆಂಬುದನ್ನು ಮರೆಯಬಾರದು. ಅಂದಮೇಲೆ ನೂರರಲ್ಲಿ ಎಪ್ಪತ್ತಕ್ಕೂ ಹೆಚ್ಚು ಎಳೆಯರು ಈಸು ಬಾರದೆ ಹಳ್ಳದ ದಂಡೆಗೆ ಬಂದು ನಿಂತಿದ್ದಾರೆ.

ಇಲ್ಲಿ ನನ್ನದೊಂದು ತಪ್ಪನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು. ಹಿಂದೆ ನನ್ನ ವರ್ಗದಲ್ಲಿ ಒಬ್ಬ ಹುಡುಗನಿದ್ದನು. ಪುಸ್ತಕ ಬಿಚ್ಚಿದರೆ ಸಾಕು, ಗಂಟಲು ಎತ್ತಿ ಪಾಠವನ್ನು ನೀರು ಹರಿದಂತೆ ಹೇಳುತ್ತಿದ್ದನು. ತಂದೆಗೆ ಹಿಗ್ಗು, ನನಗೂ ಹಿಗ್ಗು. ಒಂದು ದಿನ ಅವನು ಓದುತ್ತಿರುವಾಗ ನಡುವೆ ತಡೆದು, 'ಈಗ ಹೇಳಿದ ಶಬ್ದ ಎಲ್ಲಿದೆ, ಬೆರಳಿಟ್ಟು ತೋರಿಸಪ್ಪಾ' ಎಂದೆನು. ಅವನ ಬೆರಳು ಪುಟದ ಮೇಲೆಲ್ಲ ಅಲೆಯಿತು. ಕಣ್ಣಲ್ಲಿ ನೀರು ಬಂದಿತು. ಅವನು ಓದುತ್ತಿರಲಿಲ್ಲ, ಗೆಳೆಯರ ಬಾಯಿಂದ ಕೇಳಿ ಕಂಠಪಾಠ ಮಾಡಿದ್ದನು. ಅಂದು ವರ್ಷ ಮುಗಿಯಲು ಎರಡೇ ತಿಂಗಳು ಉಳಿದಿತ್ತು. ಜೂನ್ ತಿಂಗಳಲ್ಲಿಯೇ ಆ ಪ್ರಶ್ನೆಯನ್ನು ಕೇಳಬೇಕಾದವನು ನಾನು. ಕೇಳಲಿಲ್ಲ. ಆ ಮಗುವಿನ ಎಂಟು ತಿಂಗಳು ನನ್ನ ಅಜಾಗರೂಕತೆಯಿಂದ ವ್ಯರ್ಥವಾದವು. ಆ ಬೆರಳು ಇಂದಿಗೂ ನನ್ನ ಕಣ್ಣ ಮುಂದಿದೆ. ಅದಕ್ಕಾಗಿಯೇ ಈ ಸಭೆಯನ್ನು ವರ್ಷದ ಕೊನೆಯಲ್ಲಿ ಅಲ್ಲ, ಆರಂಭದಲ್ಲಿ ಕರೆದಿದ್ದೇನೆ.

ಇನ್ನು ಮನೆಯ ಪಾಲಿನ ಕಾರ್ಯವೇನೆಂಬುದನ್ನು ವಿಚಾರಿಸೋಣ. 2009ರ ಶಿಕ್ಷಣ ಹಕ್ಕಿನ ಕಾಯಿದೆಯು ಒಂದರಿಂದ ಐದನೆಯ ಇಯತ್ತೆಯವರೆಗೆ ವರ್ಷಕ್ಕೆ ಕಡಿಮೆಯೆಂದರೆ 200 ದಿನ, 800 ತಾಸು ಪಾಠ ನಡೆಯಬೇಕೆಂದು ವಿಧಿಸಿದೆ. ವರ್ಷಕ್ಕೆ ಇರುವ ತಾಸುಗಳು 8,760. ಅಂದರೆ ಹನ್ನೊಂದು ಪಾಲಿನಲ್ಲಿ ಒಂದು ಪಾಲು ಮಾತ್ರ ಮಗು ಪಾಠದಲ್ಲಿರುವದು. ಉಳಿದ ಹತ್ತು ಪಾಲು ನಿಮ್ಮ ಬಳಿಯಲ್ಲಿ, ನಿಮ್ಮ ಓಣಿಯಲ್ಲಿ ಕಳೆಯುವದು. ಅದರಲ್ಲಿಯೂ ಹತ್ತಿ ಬಿಡಿಸುವ ದಿನಗಳು, ಮೆಣಸಿನಕಾಯಿಯ ಸುಗ್ಗಿ, ಜಾತ್ರೆ, ಮದುವೆ ಎಂದು ಒಂದು ಪಾಲಿನಲ್ಲಿಯೂ ಚೂರು ಹರಿದುಹೋದರೆ, ಎಂತಹ ಗುರುವಾದರೂ ಏನು ಮಾಡಬಲ್ಲನು?

'ನಮಗೇ ಅಕ್ಷರ ಬಾರದು, ನಾವು ಏನು ಹೇಳಿಕೊಡೋಣ ಗುರುಗಳೇ?' ಎಂದು ತಾಯಂದಿರು ಕೇಳುತ್ತಾರೆ. ನೀವು ಹೇಳಿಕೊಡಬೇಕಾದ್ದಿಲ್ಲ, ಕೇಳಿದರೆ ಸಾಕು. ಇದೇ ಊರಿನ ಒಬ್ಬ ತಾಯಿ ಓದು ಬಾರದವರು. ರಾತ್ರಿ ರೊಟ್ಟಿ ಬಡಿಯುವಾಗ ಮಗಳನ್ನು ಒಲೆಯ ಎದುರಿಗೆ ಕುಳ್ಳಿರಿಸಿ, 'ಓದವ್ವಾ, ಕೇಳತೇನಿ' ಎನ್ನುತ್ತಿದ್ದರು. ಪುಸ್ತಕ ಮುಗಿದರೆ ಬೀಜದ ಚೀಲದ ಮೇಲಿನ ಅಕ್ಷರ, ಕರೆಂಟಿನ ಬಿಲ್ಲು, ಬಸ್ಸಿನ ಹಲಗೆ, ಎಲ್ಲವನ್ನೂ ಓದಿಸುತ್ತಿದ್ದರು. ಓದಿದ್ದು ಏನೆಂದು ಮರಳಿ ಕೇಳುತ್ತಿದ್ದರು. ಅರ್ಥ ಹೇಳಲು ಬಾರದಿದ್ದರೆ 'ಹಂಗಾರ ನೀ ಓದೇ ಇಲ್ಲ, ಮತ್ತೊಮ್ಮೆ ಓದು' ಎನ್ನುತ್ತಿದ್ದರು. ಆ ವರ್ಷ ನನ್ನ ವರ್ಗದಲ್ಲಿ ಎಲ್ಲರಿಗಿಂತ ಚೆನ್ನಾಗಿ ಓದಿದವಳು ಆ ಮಗಳೇ. ಅಕ್ಷರ ಬಲ್ಲ ನನ್ನಿಂದ ಆಗದ ಪರೀಕ್ಷೆಯನ್ನು ಅಕ್ಷರ ಬಾರದ ಆ ತಾಯಿ ದಿನಾಲು ನಡೆಸಿದ್ದರು.

ಮತ್ತೊಂದು ಮಾತು. 'ಹೊಡೆದು ಕಲಿಸಿರಿ, ನಾವೇನೂ ಅನ್ನುವದಿಲ್ಲ' ಎಂದು ತಂದೆಗಳು ಸದುದ್ದೇಶದಿಂದಲೇ ಹೇಳುತ್ತೀರಿ. ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಪೀಡೆಯನ್ನೂ ಅದೇ ಕಾಯಿದೆಯು ನಿಷೇಧಿಸಿದೆ. ಕಾಯಿದೆ ಇರಲಿ, ಇಲ್ಲದಿರಲಿ, ಅಂಜಿದ ಮಗು ತಿಳಿಯದ್ದನ್ನು ಬಚ್ಚಿಡುತ್ತದೆ. ನಾನು ಹೇಳಿದ ಹುಡುಗನು ಕಂಠಪಾಠದ ಮರೆಯಲ್ಲಿ ಅಡಗಿದ್ದು ಅಂಜಿಕೆಯಿಂದಲೇ. ನಮ್ಮ ವರ್ಗದಲ್ಲಿ ಮನೆಯಲ್ಲಿ ಲಂಬಾಣಿ ಆಡುವ ಮಕ್ಕಳಿದ್ದಾರೆ, ಉರ್ದು ಆಡುವವರಿದ್ದಾರೆ, ಅಚ್ಚ ಧಾರವಾಡದ ಕನ್ನಡ ಆಡುವವರಿದ್ದಾರೆ. ಪುಸ್ತಕದ ಕನ್ನಡವು ಇವರೆಲ್ಲರಿಗೂ ಅಷ್ಟಿಷ್ಟು ಹೊಸದೇ. ತಪ್ಪಿದಾಗ ನಗಬೇಡಿರಿ. ನಗೆಗೆ ಗುರಿಯಾದ ನಾಲಗೆ ಮತ್ತೆ ಏಳುವದು ಕಷ್ಟ.

ಇನ್ನು, ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿರುವ, ಬಾಯಿಗೆ ಬಾರದ ವಿಷಯಕ್ಕೆ ಬರುತ್ತೇನೆ. ಹಳದಿ ಬಣ್ಣದ ಬಸ್ಸು ಬೆಳಗಾದರೆ ನಮ್ಮ ಊರ ಅಗಸಿಗೆ ಬಂದು ನಿಲ್ಲುತ್ತದೆ. ಮುಂದಿನ ವರ್ಷ ಮಗುವನ್ನು ಅದರಲ್ಲಿ ಕಳಿಸಬೇಕೆಂದು ಕೆಲವರು ಯೋಚಿಸಿದ್ದೀರಿ. ಅದಕ್ಕಾಗಿ ನಿಮ್ಮನ್ನು ದೂಷಿಸಲು ನನ್ನ ಬಾಯಿ ಏಳದು. ಮಕ್ಕಳ ಏಳ್ಗೆಯನ್ನು ಬಯಸುವದು ಅಪರಾಧವಲ್ಲ. ಪ್ರಾಥಮಿಕ ಶಿಕ್ಷಣವು ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿಯೇ ನಡೆಯಬೇಕೆಂದು ರಾಜ್ಯ ಸರಕಾರವು 1994ರಲ್ಲಿ ಆಜ್ಞೆ ಮಾಡಿತ್ತು. ಅದನ್ನು ಬಲವಂತದಿಂದ ಹೇರುವಂತಿಲ್ಲ, ಮಾಧ್ಯಮದ ಆಯ್ಕೆ ಪಾಲಕರದೆಂದು ಸರ್ವೋಚ್ಚ ನ್ಯಾಯಾಲಯವು 2014ರ ಮೇ 6ರಂದು ತೀರ್ಪಿತ್ತಿತು. ಅಂದಿನಿಂದ ಕನ್ನಡ ಶಾಲೆಯು ಆಜ್ಞೆಯ ಬಲದಿಂದ ಬದುಕುವ ಕಾಲ ಮುಗಿಯಿತು. ತನ್ನ ಯೋಗ್ಯತೆಯ ಬಲದಿಂದ ಬದುಕಬೇಕಾಯಿತು. ಆದುದರಿಂದ ನಾನು ನಿಮ್ಮಲ್ಲಿ ಕರುಣೆಯನ್ನು ಬೇಡುವದಿಲ್ಲ. ಒಂದು ವರ್ಷದ ಅವಧಿಯನ್ನು ಬೇಡುತ್ತೇನೆ. ಇಂಗ್ಲಿಷನ್ನು ಕನ್ನಡ ಶಾಲೆಗಳಲ್ಲಿಯೂ 2007ರಿಂದ ಒಂದನೆಯ ಇಯತ್ತೆಯಿಂದಲೇ ಕಲಿಸುತ್ತಿದ್ದೇವೆ, ಅದು ಬೇಕು. ಆದರೆ ಮನೆಯಲ್ಲಿ ಕೇಳದ ಭಾಷೆಯಲ್ಲಿ ಲೆಕ್ಕವನ್ನೂ, ಗಿಡಮರಗಳ ಗುಣವನ್ನೂ, ಎಲ್ಲವನ್ನೂ ಕಲಿ ಎಂದರೆ, ಒಲೆಯ ಎದುರಿಗೆ ಕುಳಿತು ಕೇಳುವ ಆ ತಾಯಿಗೆ ಮಗಳ ಓದಿನಲ್ಲಿ ಸ್ಥಾನವೇ ಇಲ್ಲದಂತಾಗುವದು. ಆ ಹತ್ತು ಪಾಲು ಬರಿದಾಗುವದು. ಈ ನಷ್ಟವನ್ನೂ ಲೆಕ್ಕದಲ್ಲಿ ಹಿಡಿದು ನಿರ್ಣಯ ಮಾಡಿರಿ ಎಂದಷ್ಟೇ ನನ್ನ ವಿನಂತಿ.

ನಮ್ಮ ಹಿರಿಯರು ಈ ಹಕ್ಕಿಗಾಗಿ ಪಟ್ಟ ಪಾಡು ಸಾಮಾನ್ಯವಲ್ಲ. ಒಂದು ಕಾಲಕ್ಕೆ ಇದೇ ಧಾರವಾಡದ ಸೀಮೆಯಲ್ಲಿ ಶಾಲೆಯ ಭಾಷೆ ಮರಾಠಿಯಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಡೆಪ್ಯುಟಿ ಚನ್ನಬಸಪ್ಪನವರಂಥವರು ಹಳ್ಳಿಹಳ್ಳಿಗೆ ಕನ್ನಡ ಶಾಲೆಗಳನ್ನು ತರಲು ದುಡಿದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವು ಹುಟ್ಟಿತು. ಮುಂಬಯಿ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದುಹಂಚಿಹೋಗಿದ್ದ ನಾಡು 1956ರ ನವೆಂಬರ್ 1ರಂದು ಒಂದಾಯಿತು. 1973ರಲ್ಲಿ ಕರ್ನಾಟಕವೆಂಬ ಹೆಸರನ್ನು ಪಡೆಯಿತು. ಅವರು ಬೇಡಿದ್ದು ಬರಿಯ ನಕಾಶೆಯ ಗೆರೆಯನ್ನಲ್ಲ. ಕನ್ನಡಿಗರ ಮಕ್ಕಳು ಕನ್ನಡದಲ್ಲಿ ಕಲಿತು, ಕನ್ನಡದಲ್ಲಿ ನ್ಯಾಯ ಕೇಳಿ, ಕನ್ನಡದಲ್ಲಿ ತಮ್ಮನ್ನು ಆಳಿಕೊಳ್ಳಬೇಕೆಂಬುದೇ ಅವರ ಹಂಬಲ. ಗಡಿಯ ಆಚೆಗೆ ಉಳಿದ ಕಾಸರಗೋಡು, ಜತ್ತ, ಅಕ್ಕಲಕೋಟೆಗಳಲ್ಲಿ ಇಂದಿಗೂ ಕನ್ನಡ ಶಾಲೆಗಳನ್ನು ಉಳಿಸಿಕೊಂಡು ಬಂದ ಪಾಲಕರಿದ್ದಾರೆ. ನಾಡು ಕೂಡಿದ ನಮ್ಮಲ್ಲಿ ಎಂಟು ವರುಷದ ಮಗುವಿಗೆ ಕನ್ನಡದ ನಾಲ್ಕು ಸಾಲು ಓದಲು ಬಾರದಿದ್ದರೆ, ಕೂಡಿದ್ದರ ಫಲವೇನು?

ಪ್ರಾಂತಗಳು ಒಂದಾದವು. ಇನ್ನು ಒಂದಾಗಬೇಕಾದ್ದು ಮನೆ ಮತ್ತು ಶಾಲೆ. ಈ ಏಕೀಕರಣಕ್ಕೆ ಆಯೋಗ ಬೇಡ, ಚಳವಳಿ ಬೇಡ. ಈ ಕೋಣೆಯಲ್ಲಿ ಕುಳಿತ ನಾವು ಮನಸ್ಸು ಮಾಡಿದರೆ ಸಾಕು.

ನಿಮ್ಮಲ್ಲಿ ನನ್ನ ಬೇಡಿಕೆ ಮೂರು. ದಿನಾಲು ರಾತ್ರಿ ಕಾಲು ತಾಸು ಮಗುವಿನ ಓದನ್ನು ಕೇಳಿರಿ. ಆ ಹೊತ್ತಿನಲ್ಲಿ ಮೊಬೈಲು, ಟಿ.ವಿ. ಬಂದಾಗಿರಲಿ. ಅನಾರೋಗ್ಯದ ಹೊರತು ಶಾಲೆಯನ್ನು ತಪ್ಪಿಸಬೇಡಿರಿ. ತಮ್ಮನನ್ನು ಆಡಿಸಲು ಹೆಣ್ಣುಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಲೇಬೇಡಿರಿ. ಮಗು ಹಿಂದೆ ಬಿದ್ದಿದೆ ಎನಿಸಿದರೆ ಬಡಿಯದೆ, ಬಯ್ಯದೆ, ನೇರವಾಗಿ ನನ್ನ ಬಳಿಗೆ ಬನ್ನಿರಿ.

ನಾನು ಕೊಡುವ ಮಾತೂ ಮೂರು. ಈ ತಿಂಗಳು ಮುಗಿಯುವದರೊಳಗೆ ಪ್ರತಿಯೊಂದು ಮಗುವನ್ನೂ ಬಳಿಗೆ ಕರೆದು, ಕಾಣದ ಪುಟವನ್ನು ಕೊಟ್ಟು, ಬೆರಳಿಡಿಸಿ ಓದಿಸುವೆನು. ಫಲವೇನೆಂಬುದನ್ನು ಮುಚ್ಚುಮರೆಯಿಲ್ಲದೆ ನಿಮಗೆ ತಿಳಿಸುವೆನು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಈ ಕೋಣೆಯ ಬಾಗಿಲು ನಿಮಗಾಗಿ ತೆರೆದೇ ಇರುವದು. ನನ್ನಿಂದ ಮಾತು ತಪ್ಪಿದರೆ ತುಂಬಿದ ಸಭೆಯಲ್ಲಿ ಕೇಳಿರಿ. ಆ ಅಧಿಕಾರ ನಿಮಗಿದೆ.

ಹೊರಗೆ ಮೋಡ ಕವಿಯುತ್ತಿದೆ, ನಿಮ್ಮನ್ನು ಹೆಚ್ಚು ಹೊತ್ತು ನಿಲ್ಲಿಸಲಾರೆ. ಹೊಲಕ್ಕೆ ಹೋಗಿ ಬಿತ್ತಿರಿ. ಇಲ್ಲಿ ನಾನೂ ಬಿತ್ತುತ್ತೇನೆ. ನಡುನಡುವೆ ಎಡೆ ಹೊಡೆದು ಕಳೆ ತೆಗೆಯುವ ಕೆಲಸಕ್ಕೆ ಮಾತ್ರ ಇಬ್ಬರೂ ಕೂಡಿಯೇ ಇಳಿಯೋಣ.