ಒಂದು ಜಿಗಿತ, 24 ವರ್ಷಗಳ ತಕರಾರು



ವಿಕಿರಣ ಅಂದ ಕೂಡಲೇ ನಮಗೆ ನೆನಪಾಗುವುದು ಹಿರೋಷಿಮಾ, ಚೆರ್ನೊಬಿಲ್, ಇಲ್ಲವಾದರೆ ಕ್ಯಾನ್ಸರ್ ಆಸ್ಪತ್ರೆ. ಇವತ್ತು ನಾನು ಹೇಳಹೊರಟಿರುವುದು ಅದೇ ವಿಕಿರಣವನ್ನು ಅಳತೆಯ ಸಾಧನ ಮಾಡಿಕೊಂಡ ಒಬ್ಬ ರಸಾಯನ ವಿಜ್ಞಾನಿಯ ಬಗ್ಗೆ. ಹೆಸರು ಜಾನ್ ಆರ್. ಮಿಲ್ಲರ್. ಷಿಕಾಗೋ ಬಳಿಯ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಬಹುಕಾಲ ಇದ್ದವರು, ಆಮೇಲೆ ನ್ಯೂಯಾರ್ಕ್‌ ರಾಜ್ಯದ ಬ್ರೂಕ್‌ಹೇವನ್‌ಗೆ ಹೋದವರು. ಇಪ್ಪತ್ತನಾಲ್ಕು ವರ್ಷ ಎಳೆದ ಒಂದು ತಕರಾರನ್ನು ಬಗೆಹರಿಸಿದ್ದು ಅವರ ದೊಡ್ಡ ಕೆಲಸ.

ತಕರಾರು ಏನು ಅಂತ ಮೊದಲು ನೋಡೋಣ. ಒಂದು ಅಣುವಿನಿಂದ ಇನ್ನೊಂದಕ್ಕೆ ಎಲೆಕ್ಟ್ರಾನ್ ದಾಟುವುದು ರಸಾಯನಶಾಸ್ತ್ರದಲ್ಲಿ ತೀರ ಸರಳವಾದ ಕ್ರಿಯೆ. ಹಲವು ಸಲ ಒಂದು ಬಂಧವೂ ಮುರಿಯುವುದಿಲ್ಲ, ಹೊಸದೊಂದು ಕೂಡುವುದಿಲ್ಲ. ಕಬ್ಬಿಣದ ತುಕ್ಕಿನಲ್ಲಿ, ಬ್ಯಾಟರಿಯಲ್ಲಿ, ಹಸಿರೆಲೆಯಲ್ಲಿ, ನಮ್ಮ ಉಸಿರಾಟದಲ್ಲಿ ನಡೆಯುತ್ತಿರುವುದು ಇದೇ. ಇಷ್ಟು ಸರಳವಾದದ್ದು ಕೆಲವು ಕಡೆ ಚುರುಕಾಗಿ, ಕೆಲವು ಕಡೆ ತೀರ ನಿಧಾನವಾಗಿ ಯಾಕೆ ನಡೆಯುತ್ತದೆ? 1956ರಲ್ಲಿ ರಸಾಯನ ವಿಜ್ಞಾನಿ ರುಡಾಲ್ಫ್ ಮಾರ್ಕಸ್ ಇದಕ್ಕೆ ಉತ್ತರ ಕೊಟ್ಟರು. ಎಲೆಕ್ಟ್ರಾನ್ ದಾಟುವ ಮೊದಲು ಸುತ್ತಲಿನ ದ್ರಾವಕದ ಅಣುಗಳು ಮಗ್ಗುಲು ಬದಲಿಸಿ ಹೊಸ ಪರಿಸ್ಥಿತಿಗೆ ಸಜ್ಜಾಗಬೇಕು, ಅದಕ್ಕೆ ಒಂದಿಷ್ಟು ಶಕ್ತಿ ಬೇಕು ಅಂದರು. 1960ರಲ್ಲಿ ಇದೇ ಲೆಕ್ಕದಿಂದ ಒಂದು ವಿಚಿತ್ರ ತೀರ್ಮಾನವನ್ನೂ ಹೊರತೆಗೆದರು. ಕ್ರಿಯೆಯಲ್ಲಿ ಬಿಡುಗಡೆಯಾಗುವ ಶಕ್ತಿ ಹೆಚ್ಚಿದ ಹಾಗೆ ವೇಗವೂ ಹೆಚ್ಚುತ್ತದೆ, ಸರಿ. ಆದರೆ ಒಂದು ಹಂತ ದಾಟಿದ ಮೇಲೆ, ಶಕ್ತಿ ಇನ್ನೂ ಹೆಚ್ಚಾದರೆ ವೇಗ ಕಡಿಮೆಯಾಗುತ್ತದೆ! ಈ ಭಾಗಕ್ಕೆ ವಿಲೋಮ ವಲಯ ಅಂತ ಹೆಸರು ಬಿತ್ತು.

ನಂಬುವುದು ಕಷ್ಟವಾಗಿತ್ತು. 1970ರಲ್ಲಿ ರೆಮ್ ಮತ್ತು ವೆಲ್ಲರ್ ಎಂಬ ಇಬ್ಬರು ಅನೇಕ ಜೋಡಿ ಅಣುಗಳ ಮೇಲೆ ಪ್ರಯೋಗ ಮಾಡಿದರು. ವೇಗ ಏರಿತು, ಒಂದು ಮಟ್ಟದಲ್ಲಿ ನಿಂತಿತು, ಇಳಿಯಲೇ ಇಲ್ಲ. ಮಾರ್ಕಸ್ ಸೂತ್ರ ಅರ್ಧ ಮಾತ್ರ ಸರಿ ಅಂದವರು ಆಗ ಕಡಿಮೆಯೇನಿರಲಿಲ್ಲ. ತೊಂದರೆ ಇದ್ದದ್ದು ಬೇರೆ ಕಡೆ. ದ್ರಾವಣದಲ್ಲಿ ತೇಲುತ್ತಿರುವ ಎರಡು ಅಣುಗಳು ಮೊದಲು ಒಂದನ್ನೊಂದು ಮುಟ್ಟಬೇಕು. ಹಳ್ಳಿಯಿಂದ ಮೂರು ಗಂಟೆ ಬಸ್ಸಿನಲ್ಲಿ ಬಂದವನಿಗೆ ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಎರಡು ನಿಮಿಷದಲ್ಲಿ ಆಯಿತೋ, ಐದು ನಿಮಿಷದಲ್ಲಿ ಆಯಿತೋ, ಅವನು ಮನೆ ಬಿಟ್ಟು ಎಷ್ಟು ಹೊತ್ತಾಯಿತು ಅನ್ನುವುದರಿಂದ ಗೊತ್ತಾಗುತ್ತದೆಯೇ? ಎಲ್ಲರೂ ಅಳೆಯುತ್ತಿದ್ದದ್ದು ಬಸ್ಸಿನ ಹೊತ್ತನ್ನು.

ವಿಕಿರಣ ರಸಾಯನಶಾಸ್ತ್ರ ಬರುವುದು ಇಲ್ಲಿ. ವೇಗೋತ್ಕರ್ಷಕ ಯಂತ್ರದಿಂದ ಹೊರಟ ಎಲೆಕ್ಟ್ರಾನ್‌ಗಳ ಒಂದು ಕ್ಷಣಿಕ ಕಂತೆ ದ್ರಾವಕಕ್ಕೆ ಬಡಿದರೆ ಅದರ ಅಣುಗಳಿಂದ ಎಲೆಕ್ಟ್ರಾನ್‌ಗಳು ಕಿತ್ತು ಬರುತ್ತವೆ. ಆಮೇಲೆ ಏನಾಗುತ್ತದೆ ಎಂಬುದನ್ನು ದ್ರಾವಣ ಹೀರುವ ಬೆಳಕಿನಿಂದ ಪತ್ತೆ ಮಾಡಬಹುದು. ಈ ವಿಧಾನಕ್ಕೆ ಪಲ್ಸ್ ರೇಡಿಯಾಲಿಸಿಸ್ ಅನ್ನುತ್ತಾರೆ. ನೀರಿನ ಅಣುಗಳ ನಡುವೆ ನೆಲೆನಿಂತ ಎಲೆಕ್ಟ್ರಾನನ್ನು 1962ರಲ್ಲಿ ಹಾರ್ಟ್ ಮತ್ತು ಬೋಗ್ ಎಂಬ ವಿಜ್ಞಾನಿಗಳು ಗುರುತಿಸಿದ್ದು ಹೀಗೆಯೇ. ನಮ್ಮಲ್ಲಿ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲೂ ಈ ಪ್ರಯೋಗಗಳು ನಡೆಯುತ್ತವೆ. ಈ ವಿಧಾನದ ದೊಡ್ಡ ಅನುಕೂಲವೆಂದರೆ, ಮಾದರಿಗೆ ಹೊರಗಿನಿಂದ ಏನನ್ನೂ ಬೆರೆಸದೆ, ಬೇಕಾದ ಕ್ಷಣದಲ್ಲಿ ಎಲೆಕ್ಟ್ರಾನ್ ಒದಗಿಸಬಹುದು.

ಮಿಲ್ಲರ್ ಮೊದಲು ಮಾಡಿದ್ದು ಅಣುಗಳ ಓಡಾಟ ನಿಲ್ಲಿಸುವ ಕೆಲಸ. ದ್ರವ ಸಾರಜನಕದ ಶೈತ್ಯದಲ್ಲಿ, ಅಂದರೆ ಸೊನ್ನೆಗಿಂತ 196 ಡಿಗ್ರಿ ಕೆಳಗೆ, ಕೆಲವು ದ್ರಾವಕಗಳು ಹರಳುಗಟ್ಟದೆ ಪಾರದರ್ಶಕ ಗಾಜಿನಂತೆ ಗಟ್ಟಿಯಾಗುತ್ತವೆ. ಅಲ್ಲಿ ಯಾವ ಅಣುವೂ ಇದ್ದಲ್ಲಿಂದ ಸರಿಯುವ ಹಾಗಿಲ್ಲ. ಆದರೂ ಎಲೆಕ್ಟ್ರಾನ್‌ಗಳು ದೂರದ ಅಣುಗಳಿಗೆ ದಾಟುತ್ತಿದ್ದವು. ಇದು ಅಡ್ಡಗೋಡೆಯನ್ನು ಹತ್ತಿ ಇಳಿಯದೆ ಅದರ ಮೂಲಕವೇ ಆಚೆ ಹೋಗುವ ಕ್ವಾಂಟಂ ಸುರಂಗ ಕ್ರಿಯೆ ಎಂದು 1975ರಲ್ಲಿ ಅವರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಸ್ಸಿನ ಹೊತ್ತು ಲೆಕ್ಕದಿಂದ ಹೋಯಿತು. ಆದರೆ ಗಾಜಿನಲ್ಲಿ ಸಿಕ್ಕಿಕೊಂಡ ಅಣುಗಳ ನಡುವಿನ ಅಂತರ ಒಂದೊಂದು ಕಡೆ ಒಂದೊಂದು ಥರ. ವಿಲೋಮ ವಲಯದ ಸುಳಿವು ಸಿಕ್ಕರೂ ಆಕ್ಷೇಪಕ್ಕೆ ಜಾಗ ಉಳಿಯಿತು.

ಹಾಗಾದರೆ ಎಲೆಕ್ಟ್ರಾನ್ ಕೊಡುವ ದಾನಿಯನ್ನೂ ಅದನ್ನು ಪಡೆಯುವ ಗ್ರಾಹಿಯನ್ನೂ ಒಂದೇ ಅಣುವಿನ ಎರಡು ತುದಿಗೆ ಕಟ್ಟಿಬಿಟ್ಟರೆ? ಅಂಥ ಅಣು ತಯಾರಿಸಬಲ್ಲವರು ಪಕ್ಕದಲ್ಲೇ, ಷಿಕಾಗೋ ವಿಶ್ವವಿದ್ಯಾಲಯದಲ್ಲಿದ್ದರು. ಅವರೇ ಗೆರ್‌ಹಾರ್ಡ್ ಕ್ಲೋಸ್. ಅವರು ಆರಿಸಿಕೊಂಡದ್ದು ಸ್ಟೀರಾಯ್ಡಿನ ಇಂಗಾಲದ ಚೌಕಟ್ಟು, ಬಾಗದ ಬಳುಕದ ಗಟ್ಟಿ ರಚನೆ. ಒಂದು ತುದಿಗೆ ದಾನಿಯಾಗಿ ಯಾವಾಗಲೂ ಬೈಫಿನೈಲ್. ಇನ್ನೊಂದು ತುದಿಗೆ ಎಂಟು ಬಗೆಯ ಗ್ರಾಹಿಗಳು, ನುಸಿಗುಳಿಗೆಯಲ್ಲಿರುವ ನ್ಯಾಫ್ತಲೀನ್‌ನಿಂದ ಹಿಡಿದು ಎಲೆಕ್ಟ್ರಾನಿಗಾಗಿ ಹಾತೊರೆಯುವ ಕ್ವಿನೋನ್‌ಗಳವರೆಗೆ. ಎಂಟರಲ್ಲೂ ನಡುವಿನ ದೂರ ಒಂದೇ, ಹತ್ತಿರಹತ್ತಿರ ಒಂದು ನ್ಯಾನೊಮೀಟರ್. ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಬದಲಾಗುವುದು ಶಕ್ತಿ ಮಾತ್ರ.

ಆರ್ಗಾನ್‌ನ ಯಂತ್ರದಿಂದ ಬರುತ್ತಿದ್ದ ಕಂತೆಯ ಅವಧಿ ಸುಮಾರು 30 ಪಿಕೋಸೆಕೆಂಡ್. ಸೆಕೆಂಡನ್ನು ಲಕ್ಷ ಕೋಟಿ ಪಾಲು ಮಾಡಿದರೆ ಒಂದು ಪಿಕೋಸೆಕೆಂಡ್. ಕಂತೆ ಬಡಿದಾಗ ಬಿಡಿಯಾದ ಎಲೆಕ್ಟ್ರಾನ್‌ಗಳು ಕೆಲವು ಅಣುಗಳಲ್ಲಿ ಗ್ರಾಹಿಯ ತುದಿಗೆ ನೇರವಾಗಿ ಬೀಳುತ್ತವೆ, ಕೆಲವದರಲ್ಲಿ ಬೈಫಿನೈಲ್ ತುದಿಗೆ. ಈ ಎರಡನೆಯ ಗುಂಪೇ ಬೇಕಾದದ್ದು. ಎಲೆಕ್ಟ್ರಾನ್ ಹೊತ್ತ ಬೈಫಿನೈಲ್ ತನ್ನದೇ ಬಣ್ಣದ ಬೆಳಕನ್ನು ಹೀರುತ್ತದೆ. ಎಲೆಕ್ಟ್ರಾನ್ ಆಚೆ ದಾಟಿದಾಗ ಆ ಹೀರಿಕೆ ಮಾಯವಾಗುತ್ತದೆ. ಎಷ್ಟು ಬೇಗ ಮಾಯವಾಯಿತು ಎಂದು ಅಳೆದರೆ ಜಿಗಿತದ ವೇಗ ಸಿಕ್ಕಿತು.

1984ರಲ್ಲಿ ಮಿಲ್ಲರ್, ಸಹೋದ್ಯೋಗಿ ಕ್ಯಾಲ್ಕಟೆರಾ ಮತ್ತು ಕ್ಲೋಸ್ ಫಲಿತಾಂಶ ಪ್ರಕಟಿಸಿದರು. ನ್ಯಾಫ್ತಲೀನ್ ಇದ್ದಾಗ ವೇಗ ಸೆಕೆಂಡಿಗೆ ಹತ್ತು ಲಕ್ಷ ಜಿಗಿತದ ಆಸುಪಾಸು. ಶಕ್ತಿ ಹೆಚ್ಚಿದಂತೆ ಅದು ನೂರು ಕೋಟಿಯನ್ನೂ ಮೀರಿತು. ಕೊನೆಯ ಕ್ವಿನೋನ್‌ಗಳಲ್ಲಿ ಮಾತ್ರ ಇಳಿಯತೊಡಗಿತು. ಕ್ವಿನೋನಿಗೆ ಒಂದು ಕ್ಲೋರಿನ್ ಸೇರಿಸಿದರೆ ಅದರ ಎಲೆಕ್ಟ್ರಾನ್ ಹಸಿವು ಹೆಚ್ಚುತ್ತದೆ, ವೇಗ ತಗ್ಗಿತು. ಎರಡು ಸೇರಿಸಿದರೆ ಇನ್ನೂ ಹೆಚ್ಚುತ್ತದೆ. ವೇಗ ಇನ್ನೂ ತಗ್ಗಿತು. ಅಷ್ಟಕ್ಕೆ ಬಿಡದೆ ಅವರು ದ್ರಾವಕವನ್ನೂ ಬದಲಿಸಿ ನೋಡಿದರು. ಐಸೋಆಕ್ಟೇನ್‌ನಂಥ ಧ್ರುವೀಯವಲ್ಲದ ದ್ರಾವಕದಲ್ಲಿ ಮಗ್ಗುಲು ಬದಲಿಸುವ ಖರ್ಚು ಕಡಿಮೆ, ಬಿಡುಗಡೆಯಾಗುವ ಶಕ್ತಿ ಆ ಖರ್ಚನ್ನು ಮೀರಿದ ಮೇಲೆಯೇ ವೇಗ ಇಳಿಯುವುದರಿಂದ, ಇಲ್ಲಿ ಅದು ಇನ್ನೂ ಮುಂಚೆಯೇ ಇಳಿಯಬೇಕು. ಹಾಗೆಯೇ ಆಯಿತು.

ಮಾರ್ಕಸ್ ಅವರಿಗೆ 1992ರ ನೊಬೆಲ್ ಬಂತು. ಅದೇ ವರ್ಷ, ಆ ಸುದ್ದಿ ಬರುವ ಮೊದಲೇ, ಕ್ಲೋಸ್ ತೀರಿಕೊಂಡಿದ್ದರು. ಮಿಲ್ಲರ್ ಬ್ರೂಕ್‌ಹೇವನ್‌ನಲ್ಲಿ ಇನ್ನೂ ಕಿರಿದಾದ ಕಂತೆಗಳನ್ನು ಬಳಸಿ, ಸೌರಕೋಶಗಳಿಗೆ ಬೇಕಾದ ಪಾಲಿಮರ್ ಸರಪಳಿಗಳಲ್ಲಿ ಎಲೆಕ್ಟ್ರಾನ್ ಹೇಗೆ ಸಾಗುತ್ತದೆ ಎಂದು ಹುಡುಕುವ ಕೆಲಸ ಮುಂದುವರಿಸಿದರು.

ಇದರಿಂದ ನಮಗೇನು ಅಂತ ನೀವು ಕೇಳಬಹುದು. ಬಿಸಿಲಿನಿಂದ ಶಕ್ತಿ ಪಡೆಯುವ ಯಾವ ವ್ಯವಸ್ಥೆಗೂ ಒಂದೇ ಕಾಟ: ಮುಂದೆ ದಾಟಿದ ಎಲೆಕ್ಟ್ರಾನ್ ತಟ್ಟನೆ ಹಿಂದಕ್ಕೆ ಬಂದರೆ ಗಳಿಸಿದ್ದೆಲ್ಲ ಬರಿ ಬಿಸಿಯಾಗಿ ಹೋಗುತ್ತದೆ. ಆ ಮರಳುವಿಕೆಯಲ್ಲಿ ಬಿಡುಗಡೆಯಾಗುವ ಶಕ್ತಿ ದೊಡ್ಡದು, ಹಾಗಾಗಿ ಅದನ್ನು ವಿಲೋಮ ವಲಯಕ್ಕೆ ತಳ್ಳಿ ನಿಧಾನಗೊಳಿಸಬಹುದು. ಕೃತಕ ದ್ಯುತಿಸಂಶ್ಲೇಷಣೆಗೆ ಅಣುಗಳನ್ನು ರೂಪಿಸುವವರು ಇವತ್ತು ಈ ಲೆಕ್ಕ ಇಟ್ಟುಕೊಂಡೇ ಹೊರಡುತ್ತಾರೆ.

ನನಗೆ ಮುಖ್ಯ ಅನ್ನಿಸುವುದು ಇನ್ನೊಂದು ಸಂಗತಿ. ವಿಲೋಮ ವಲಯದ ತೀರ್ಮಾನ 1960ರಿಂದಲೇ ಇತ್ತು, ಪಲ್ಸ್ ರೇಡಿಯಾಲಿಸಿಸ್ ಕೂಡ ಸರಿಸುಮಾರು ಆಗಿನಿಂದಲೇ ಇತ್ತು. ಇಲ್ಲದಿದ್ದದ್ದು, ನಾವು ಅಳೆಯುತ್ತಿರುವುದು ನಮಗೆ ಬೇಕಾದದ್ದನ್ನೇ ಹೌದೋ ಅಲ್ಲವೋ ಎಂದು ಬೆನ್ನು ಬಿಡದೆ ಕೇಳುವವರು. ಮೊದಲು ಹೆಪ್ಪುಗಟ್ಟಿಸಿ, ಆಮೇಲೆ ಕಟ್ಟಿಹಾಕಿ, ನಡುವೆ ಬರುವ ಒಂದೊಂದು ಅಡ್ಡಿಯನ್ನೂ ತೆಗೆಯುತ್ತ ಹೋದದ್ದೇ ಮಿಲ್ಲರ್ ಅವರ ಸಂಶೋಧನೆಯ ಸಾರ.